ಕಿತಾಬಿನ ಕೊನೆಯ ಹಾಳೆಯ ಐದು ಹೆಸರು

ಅಜ್ಜನ ತಂದೆಯ ಹೆಸರೇನು ಎಂದು ಕೇಳಿದರೆ ನಮ್ಮ ಮದ್ರಸದ ದೊಡ್ಡ ತರಗತಿಯ ಮಕ್ಕಳಲ್ಲಿ ಕೆಲವರಾದರೂ ಹೇಳುತ್ತಾರೆ. ಅಜ್ಜನ ಉಮ್ಮನ ಹೆಸರು ಕೇಳಿದರೆ ತರಗತಿಯೇ ಮೌನವಾಗುತ್ತದೆ. ಮನೆಯಲ್ಲಿ ಕೇಳಿಕೊಂಡು ಬನ್ನಿ ಎಂದು ಕಳುಹಿಸಿದರೆ ಮರುದಿನ ಬರುವ ಉತ್ತರ ಇನ್ನೂ ಸ್ವಾರಸ್ಯಕರ: "ಉಸ್ತಾದ್, ಉಪ್ಪನಿಗೂ ಗೊತ್ತಿಲ್ಲವಂತೆ."

ವಂಶದ ವಿಚಾರದಲ್ಲಿ ನಮಗೆ ಆಸಕ್ತಿಯೇ ಇಲ್ಲ ಎಂದಲ್ಲ. ಮದುವೆ ಮಾತುಕತೆಗೆ ಕುಳಿತರೆ ತರವಾಡಿನ ಹಿರಿಮೆಯ ಬಗ್ಗೆ ಗಂಟೆಗಟ್ಟಲೆ ಮಾತನಾಡುತ್ತೇವೆ. ನಮ್ಮ ಪೂರ್ವಜರು ಅರಬ್ ವರ್ತಕರ ಹಡಗಿನಲ್ಲಿ ಬಂದವರು ಎಂದು ಹೇಳಿಕೊಳ್ಳುವವರಿಗೂ ಕೊರತೆಯಿಲ್ಲ. ಆ ಹಡಗಿನಿಂದ ಇಳಿದವನ ಮತ್ತು ನಮ್ಮ ಅಜ್ಜನ ನಡುವೆ ಇರುವ ಹತ್ತಾರು ತಲೆಮಾರುಗಳು, ಗದ್ದೆ ಉತ್ತವರು, ಗಾಡಿ ಹೊಡೆದವರು, ಒಣಮೀನು ಹೊತ್ತವರು, ಎಲ್ಲಿ ಹೋದರು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಪ್ರವಾದಿ(ಸ)ರವರು ವಂಶದ ಹೆಮ್ಮೆಯನ್ನು ಅಜ್ಞಾನ ಕಾಲದ ಕೊಳೆಯೆಂದು ತೊಡೆದು ಹಾಕಿದರು. ಆದರೆ ನಿಮ್ಮ ರಕ್ತ ಸಂಬಂಧಗಳನ್ನು ಜೋಡಿಸಲು ಬೇಕಾಗುವಷ್ಟು ವಂಶಾವಳಿಯನ್ನು ಕಲಿತುಕೊಳ್ಳಿ ಎಂಬರ್ಥದ ಅವರ ಉಪದೇಶವೂ ತಿರ್ಮಿದಿಯಲ್ಲಿದೆ. ಅಂದರೆ ಹೆಮ್ಮೆಪಡಲು ಅಲ್ಲ, ಯಾರಿಗೆ ನಮ್ಮಿಂದ ಏನು ಸಲ್ಲಬೇಕು ಎಂದು ತಿಳಿಯಲು.

ಈ ಮಾತು ನನಗೆ ಕಿತಾಬಿನಲ್ಲಿ ಗೊತ್ತಿತ್ತು. ಅದು ಕಾಗದದ ಕಟ್ಟುಗಳಲ್ಲಿ ಎದುರಾದದ್ದು ನನ್ನ ಮುತ್ತಜ್ಜನನ್ನು, ಎಂದರೆ ಉಪ್ಪನ ಅಜ್ಜನನ್ನು, ಹುಡುಕಲು ಹೊರಟಾಗ. ಹುಡುಕುವ ಸಂದರ್ಭ ತಾನಾಗಿಯೇ ಬಂತು. ಬಂಟ್ವಾಳ ತಾಲೂಕಿನ ನಮ್ಮ ಹಳ್ಳಿಯ ಹಳೆಯ ತೋಟದ ಒಂದಂಚು ರಸ್ತೆ ಅಗಲೀಕರಣಕ್ಕೆ ಹೋಯಿತು. ಪರಿಹಾರ ಸಿಗಬೇಕಾದರೆ ವಂಶವೃಕ್ಷ ಬೇಕು. ವಂಶವೃಕ್ಷ ಬರೆಯಲು ಮುತ್ತಜ್ಜನ ಮರಣದ ದಾಖಲೆ ಬೇಕು. ಆತ ಸತ್ತದ್ದು ಯಾವ ವರ್ಷ ಎಂದೇ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಆತ ಯಾವ ದೊಡ್ಡ ಮನುಷ್ಯನೂ ಅಲ್ಲ. ಎತ್ತಿನ ಗಾಡಿ ಹೊಡೆಯುತ್ತಿದ್ದ, ಧಣಿಯ ಜಾಗದಲ್ಲಿ ತೋಟ ಮಾಡಿಕೊಂಡಿದ್ದ ಒಬ್ಬ ಬ್ಯಾರಿ. ಇಂಥವರ ಬಗ್ಗೆ ಏನು ದಾಖಲೆ ಸಿಕ್ಕೀತು ಎಂದು ಮನೆಯಲ್ಲಿ ನಕ್ಕವರೂ ಇದ್ದರು. ಸಿಕ್ಕಿದ್ದನ್ನು ಇಲ್ಲಿ ಹೇಳುತ್ತೇನೆ. ನಿಮ್ಮ ಮನೆಯ ಅಟ್ಟದಲ್ಲೂ ಇಂಥದ್ದು ಇರಬಹುದು.

ಮೊದಲು ಸಿಕ್ಕಿದ್ದು ತಗಡಿನ ಪೆಟ್ಟಿಗೆಯಲ್ಲಿದ್ದ ಮೂಲಗೇಣಿ ಚೀಟು. 1928ನೇ ಇಸವಿಯದು. ಐದನೇ ಜಾರ್ಜ್ ದೊರೆಯ ಮುದ್ರೆಯಿರುವ ಛಾಪಾ ಕಾಗದ, ಮಡಿಕೆಗಳಲ್ಲಿ ಹರಿದಿದೆ. ನಮ್ಮ ಜಿಲ್ಲೆಯಲ್ಲಿ ಚಾಲಗೇಣಿ ಎಂದರೆ ಧಣಿ ಬೇಡವೆಂದಾಗ ಬಿಡಬೇಕಾದ ಒಕ್ಕಲು, ಮೂಲಗೇಣಿ ಎಂದರೆ ಮಕ್ಕಳು ಮೊಮ್ಮಕ್ಕಳ ಕಾಲಕ್ಕೂ ಮುಂದುವರಿಯುವ ಹಕ್ಕು. ಗಾಡಿ ಹೊಡೆದು ಕೂಡಿಸಿದ ಹಣದಿಂದ ಆತ ಮೂಲಗೇಣಿ ಪಡೆದಿದ್ದ. ವರ್ಷಕ್ಕೆ ಎಂಟು ಮುಡಿ ಅಕ್ಕಿ ಗೇಣಿ. ಚಕ್ಕುಬಂದಿಯನ್ನು ಬರೆದ ರೀತಿ ನೋಡಬೇಕು. ಮೂಡಣಕ್ಕೆ ತೋಡು, ಪಡುವಣಕ್ಕೆ ಗುಡ್ಡೆ, ತೆಂಕಣಕ್ಕೆ ಇಂಥವರ ಬಾವಿ, ಬಡಗಣಕ್ಕೆ ಹಲಸಿನ ಮರವಿರುವ ಕಟ್ಟಪುಣಿ. ಆ ಹಲಸಿನ ಮರವನ್ನು ನಾನೂ ಬಾಲ್ಯದಲ್ಲಿ ಕಂಡಿದ್ದೇನೆ. ಕೊನೆಯಲ್ಲಿ ಆತನ ಎಡಗೈ ಹೆಬ್ಬೆಟ್ಟಿನ ಗುರುತು. ಅದರ ಪಕ್ಕ ಚೀಟು ಬರೆದವರ ಒಕ್ಕಣೆ: ಓದು ಬರಹ ಬಾರದವರಾದ್ದರಿಂದ ಓದಿ ಹೇಳಲಾಯಿತು.

ಎರಡನೆಯದು ಕಾಗದವಲ್ಲ, ನೆನಪು. ತೊಂಬತ್ತರ ಸಮೀಪದ ನಮ್ಮ ಸಂಬಂಧಿಕ ಅಜ್ಜಿಯೊಬ್ಬರಿಗೆ ಇಸವಿ ಎಂದರೆ ಏನೂ ಅಲ್ಲ. "ನಿನ್ನ ಅಜ್ಜನ ಅಣ್ಣ ಹುಟ್ಟಿದ್ದು ಮಾರಿಬೊಳ್ಳ ಬಂದ ಮಳೆಗಾಲ ಕಳೆದ ಬೇಸಿಗೆಯಲ್ಲಿ ಮೋನೇ. ನನ್ನ ಉಮ್ಮ ಹೇಳುತ್ತಿದ್ದರು" ಎಂದರು. ಮಾರಿಬೊಳ್ಳ ಎಂದರೆ ನೇತ್ರಾವತಿ ಉಕ್ಕಿ ಬಂಟ್ವಾಳ, ಪಾಣೆಮಂಗಳೂರು ಮುಳುಗಿದ 1923ರ ಮಹಾ ನೆರೆ. 1974ರಲ್ಲೂ ಅಂಥದೇ ನೆರೆ ಬಂದದ್ದರಿಂದ ಹಳಬರ ಬಳಿ ಕೇಳುವಾಗ ಯಾವ ನೆರೆ ಎಂದು ವಿಚಾರಿಸಿಕೊಳ್ಳಬೇಕು. ಹಿರಿಯರು ಹೀಗೆಯೇ ಲೆಕ್ಕ ಇಟ್ಟವರು. ನೆರೆ, ಸಿಡುಬು, ರೇಷನ್ ಅಕ್ಕಿಯ ಕಾಲ, ಹಳೆ ಮಸೀದಿ ಬಿಚ್ಚಿದ ವರ್ಷ. ಇಸವಿಗೆ ಹೊಂದಿಸುವುದು ನಮ್ಮ ಕೆಲಸ. ಶಾಲೆಯ ದಾಖಲಾತಿ ಪುಸ್ತಕಕ್ಕಿಂತ ನನಗೆ ಈ ಲೆಕ್ಕದ ಮೇಲೆ ಹೆಚ್ಚು ನಂಬಿಕೆ. ಆ ಪುಸ್ತಕ ತೆರೆದರೆ ಊರಿನ ಅರ್ಧ ಮಂದಿ ಜೂನ್ 1ರಂದೇ ಹುಟ್ಟಿದವರು!

ಮರಣದ ವರ್ಷ ಸಿಕ್ಕಿದ್ದು ಹಳೆಯ ಜನನ ಮರಣ ದಾಖಲೆಯಲ್ಲಿ. ಆಗ ನಮ್ಮ ಜಿಲ್ಲೆ ಮದ್ರಾಸಿಗೆ ಸೇರಿತ್ತು, ಮೈಸೂರು ರಾಜ್ಯಕ್ಕೆ ಬಂದದ್ದು 1956ರಲ್ಲಿ. ಜಾತಿಯ ಕಾಲಂನಲ್ಲಿ ಬ್ಯಾರಿ ಎಂದಿಲ್ಲ, ಮಾಪಿಳ್ಳೆ ಎಂದಿದೆ. ಹೆಸರನ್ನೂ ಚೀಟಿನಲ್ಲಿದ್ದಂತೆ ಬರೆದಿಲ್ಲ. ಇದನ್ನು ಹುಡುಕುವವರು ಮೊದಲೇ ತಿಳಿದಿರಬೇಕು. ಒಬ್ಬರೇ ಮುಹಮ್ಮದ್ ಒಂದು ಕಾಗದದಲ್ಲಿ ಮೋನು, ಇನ್ನೊಂದರಲ್ಲಿ ಮೋನಬ್ಬ, ಮತ್ತೊಂದರಲ್ಲಿ ಮೋನು ಬ್ಯಾರಿ. ಹೆಂಗಸರಲ್ಲಿ ಫಾತಿಮಾ ಎಂಬುದು ಪಾತುಮ್ಮ ಮತ್ತು ಬೀಫಾತುಮ್ಮ, ಆಯಿಶಾ ಎಂಬುದು ಐಸಮ್ಮ, ಹವ್ವಾ ಎಂಬುದು ಅವ್ವಮ್ಮ. ತಂದೆಯ ಹೆಸರು, ಮನೆಯ ಹೆಸರು, ಜಾಗದ ಸರ್ವೆ ನಂಬ್ರ, ಈ ಮೂರರಲ್ಲಿ ಎರಡಾದರೂ ಹೊಂದದೆ ಇದು ನಮ್ಮವರೇ ಎಂದು ತೀರ್ಮಾನಿಸಬಾರದು. ನಮ್ಮ ವಿಷಯದಲ್ಲಿ ಹೊಂದಿದವು. ಮರಣ 1951, ಕಾರಣ ಜ್ವರ.

ಉಪನೋಂದಣಿ ಕಚೇರಿಯಲ್ಲಿ ಆ ಸರ್ವೆ ನಂಬ್ರದ ಋಣಭಾರದ ಹಳೆಯ ವಿವರ ತೆಗೆಸಿದಾಗ ಇನ್ನೆರಡು ಪತ್ರಗಳು ಹೊರಬಂದವು. 1944ರಲ್ಲಿ ಆತ ತೋಟದ ಫಸಲನ್ನು ಈಡಾಗಿಟ್ಟು ನೂರೈವತ್ತು ರೂಪಾಯಿ ಸಾಲ ಪಡೆದಿದ್ದ, ಹಿರಿಯ ಮಗಳ ಮದುವೆಯ ಬಗ್ಗೆ ಎಂದು ಸ್ಪಷ್ಟವಾಗಿ ಬರೆದಿದೆ. 1949ರಲ್ಲಿ ಅದು ಚುಕ್ತಾ ಆಗಿದೆ. ಯುದ್ಧದ ಕಾಲ, ಅಕ್ಕಿಗೆ ಪರದಾಡುತ್ತಿದ್ದ ದಿನಗಳು. ಐದು ವರ್ಷ ಗಾಡಿ ಹೊಡೆದು ಮನುಷ್ಯ ತನ್ನ ಸಾಲವನ್ನು ತಾನೇ ತೀರಿಸಿ ಸತ್ತಿದ್ದಾನೆ. ಈ ವಿಷಯ ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ಇನ್ನೊಂದು 1953ರ ಹಕ್ಕು ಬಿಡುಗಡೆ ಪತ್ರ. ಮೃತರ ಇಬ್ಬರು ಹೆಣ್ಣು ಮಕ್ಕಳು ತಲಾ ಇಪ್ಪತ್ತೈದು ರೂಪಾಯಿ ಪಡೆದು, ತಂದೆಯ ಆಸ್ತಿಯಲ್ಲಿ ತಮಗಿರುವ ಎಲ್ಲಾ ಹಕ್ಕನ್ನು ಪ್ರೀತಿ ವಿಶ್ವಾಸದಿಂದ ಮೂವರು ಸಹೋದರರಿಗೆ ಬಿಟ್ಟುಕೊಟ್ಟಿದ್ದಾರೆ. ಎರಡು ಹೆಬ್ಬೆಟ್ಟಿನ ಗುರುತು. ಮೃತರ ವಿಧವೆಯ ಒಪ್ಪಿಗೆಯ ಹೆಬ್ಬೆಟ್ಟು ಬೇರೆ.

ನಮಗೆ ಗೊತ್ತಿದ್ದದ್ದು ಮೂವರು ಅಣ್ಣ ತಮ್ಮಂದಿರು ಮಾತ್ರ. ನಡುವಿನವರು ನನ್ನ ಅಜ್ಜ. ಇಬ್ಬರು ಸಹೋದರಿಯರಿದ್ದರು ಎಂಬುದು ನಮ್ಮ ತಲೆಮಾರಿಗೆ ತಲುಪಿರಲಿಲ್ಲ. ತಾಲೂಕು ಕಚೇರಿಯ ಕಡತ ಕೋಣೆಯಲ್ಲಿ ಭೂನ್ಯಾಯ ಮಂಡಳಿಯ ಕಡತದ ನಕಲು ಸಿಕ್ಕಾಗ ಕಾರಣ ತಿಳಿಯಿತು. 1974ರ ಮಾರ್ಚ್ 1ರಂದು ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದ ಮೇಲೆ ಒಕ್ಕಲುಗಳು ಏಳನೇ ನಮೂನೆಯ ಅರ್ಜಿ ಹಾಕಿದರಲ್ಲ, ಆಗ ಹಿರಿಯ ಮಗ ಮಂಡಳಿಯ ಮುಂದೆ ಹೇಳಿಕೆ ಕೊಟ್ಟಿದ್ದಾರೆ. ತಂದೆ ಗಾಡಿಯಲ್ಲಿ ಗೇಣಿ ಅಕ್ಕಿಯನ್ನು ಧಣಿಯ ಮನೆಗೆ ಮುಟ್ಟಿಸುತ್ತಿದ್ದರು, ತೆಂಗಿಗೆ ಮೀನಿನ ಗೊಬ್ಬರ ತರುತ್ತಿದ್ದರು, ಬಾವಿಯನ್ನು ತಾವೇ ತೋಡಿದರು. ಮುತ್ತಜ್ಜ ಕಣ್ಣಿಗೆ ಕಟ್ಟುವುದು ಈ ಹೇಳಿಕೆಯಲ್ಲಿ. ಅದೇ ಹೇಳಿಕೆಯ ಕೊನೆಯಲ್ಲಿ ಒಂದು ವಾಕ್ಯ: ನಮ್ಮ ತಂದೆಗೆ ನಾವು ಮೂವರು ಮಕ್ಕಳು.

ಹದೀಸ್ ಶಾಸ್ತ್ರ ಕಲಿತವರಿಗೆ ಇಲ್ಲಿ ಏನು ನಡೆದಿದೆ ಎಂದು ಬೇಗ ಅರ್ಥವಾಗುತ್ತದೆ. ಮಂಡಳಿಯ ಆದೇಶ ಈ ಹೇಳಿಕೆಯನ್ನು ನೋಡಿ ಬರೆದದ್ದು. ಪಹಣಿ ಆದೇಶವನ್ನು ನೋಡಿ ಬರೆದದ್ದು. ಹಿಂದೊಮ್ಮೆ ಗ್ರಾಮಕರಣಿಕರು ಕೊಟ್ಟ ವಂಶವೃಕ್ಷ ಪಹಣಿಯನ್ನು ನೋಡಿ ಬರೆದದ್ದು. ಎಲ್ಲಕ್ಕೂ ಸರಕಾರಿ ಮೊಹರು ಇದೆ, ನಾಲ್ಕು ದಾಖಲೆಗಳು ಒಂದೇ ಮಾತು ಹೇಳುತ್ತವೆ. ಆದರೆ ವರದಿಗಾರರ ಸರಪಳಿ ಹಿಡಿದು ಹಿಂದೆ ಹೋದರೆ ನಾಲ್ವರೂ ಒಬ್ಬನಿಂದಲೇ ಕೇಳಿದವರು. ಇಮಾಮರುಗಳು ಇಂಥದ್ದನ್ನು ನಾಲ್ಕು ಸಾಕ್ಷಿ ಎನ್ನುವುದಿಲ್ಲ, ಒಂದೇ ಎನ್ನುತ್ತಾರೆ.

ಬೇರೆ ಸಾಕ್ಷಿ ಬೇಕಿತ್ತು. ಅದು ಸಿಕ್ಕಿದ್ದು ಮನೆಯಲ್ಲಿಯೇ, ಇಷ್ಟು ವರ್ಷ ಬಟ್ಟೆಯಲ್ಲಿ ಸುತ್ತಿ ಕಪಾಟಿನ ಮೇಲಿಟ್ಟಿದ್ದ ಹಳೆಯ ಮೌಲೂದ್ ಕಿತಾಬಿನಲ್ಲಿ. ಕೊನೆಯ ಖಾಲಿ ಹಾಳೆಯಲ್ಲಿ ಅರಬಿ-ಮಲಯಾಳಂ ಲಿಪಿಯಲ್ಲಿ ಸಾಲಾಗಿ ಐದು ಹೆಸರು. ಪ್ರತಿ ಹೆಸರಿನ ಎದುರು ಹಿಜರಿ ತಿಂಗಳು, ವರ್ಷ, ಹುಟ್ಟಿದ ವಾರ. ಮೊದಲನೆಯದು ರಜಬ್ 1342. ಲೆಕ್ಕ ಹಾಕಿದರೆ 1924ರ ಫೆಬ್ರವರಿ-ಮಾರ್ಚ್. ಮಾರಿಬೊಳ್ಳದ ಮಳೆಗಾಲ ಕಳೆದ ಬೇಸಿಗೆ! ಆ ಅಜ್ಜಿಯ ನೆನಪಿಗೆ ನೂರಕ್ಕೆ ನೂರು ಅಂಕ. ಎರಡನೆಯದು ಹೆಣ್ಣು, 1345. ನಾಲ್ಕನೆಯದು ಹೆಣ್ಣು, 1352. ಕೆಳಗೆ, ಇದನ್ನು ಬರೆದವನು ಇಂಥವನ ಮಗ ಇಂಥವನು ಎಂದು ಮುತ್ತಜ್ಜನ ಹೆಸರು, ಅವನದೇ ಕೈಬರಹದಲ್ಲಿ.

ಓದು ಬರಹ ಬಾರದವನು ಎಂದು ಸರಕಾರದ ಕಾಗದ ಯಾರ ಬಗ್ಗೆ ಹೇಳಿತ್ತೋ ಆತ ಬರೆಯಬಲ್ಲವನಾಗಿದ್ದ. ಕನ್ನಡ ಬರುತ್ತಿರಲಿಲ್ಲ, ಅಷ್ಟೆ. ಓತುಪಳ್ಳಿಯಲ್ಲಿ ಕಲಿತ ಲಿಪಿಯಲ್ಲಿ ತನ್ನ ಮಕ್ಕಳನ್ನು ಬರೆದಿಟ್ಟಿದ್ದ. ಆ ಹಾಳೆಯಲ್ಲಿ ಗಂಡು ಮಕ್ಕಳಿಗೊಂದು ಸಾಲು, ಹೆಣ್ಣು ಮಕ್ಕಳಿಗೊಂದು ಸಾಲು ಎಂಬುದಿಲ್ಲ. ಹುಟ್ಟಿದ ಕ್ರಮದಲ್ಲಿ ಐದು ಮಂದಿ, ಅಷ್ಟೇ ದೊಡ್ಡ ಅಕ್ಷರ. ಬ್ಯಾರಿ, ಮಾಪಿಳ್ಳೆ ಮನೆಗಳಲ್ಲಿ ಇಂಥ ಹಾಳೆಗಳು ಇನ್ನೂ ಇವೆ. ಓದಲು ಬಾರದ ಹೊಸ ತಲೆಮಾರು ಅವನ್ನು ಹರಿದ ಕುರ್‌ಆನ್ ಪ್ರತಿಗಳ ಜೊತೆ ಮಸೀದಿಗೆ ಕೊಟ್ಟು ಬಿಡುತ್ತದೆ. ಕೊಡುವ ಮೊದಲು ಮೊದಲ ಮತ್ತು ಕೊನೆಯ ಹಾಳೆಯನ್ನೊಮ್ಮೆ ತಿಳಿದವರಿಗೆ ತೋರಿಸಿ, ಫೋಟೋ ತೆಗೆದಿಡಿ ಎಂದು ಸಹೋದರಿಯರಲ್ಲಿ ನನ್ನ ವಿನಂತಿ.

ಹೆಸರಿಲ್ಲದವರಿಗೆ ಹೆಸರು ಹುಡುಕುವುದು ನಮ್ಮ ಪರಂಪರೆಗೆ ಹೊಸದಲ್ಲ. ಹದೀಸ್ ಸರಪಳಿಯಲ್ಲೋ ವೃತ್ತಾಂತದಲ್ಲೋ 'ಒಬ್ಬ ಮನುಷ್ಯ', 'ಒಬ್ಬ ಸ್ತ್ರೀ' ಎಂದು ಮಾತ್ರ ಬಂದವರನ್ನು ಮುಬ್‌ಹಮ್ ಎನ್ನುತ್ತಾರೆ. ಅವರು ಯಾರೆಂದು ಪತ್ತೆ ಹಚ್ಚುವುದಕ್ಕಾಗಿಯೇ ಹಿಜರಿ 463ರಲ್ಲಿ (ಕ್ರಿ.ಶ. 1071) ನಿಧನರಾದ ಖತೀಬುಲ್ ಬಗ್ದಾದಿ ಒಂದು ಗ್ರಂಥ ಬರೆದರು. ಅವರಿಗಿಂತ ಎರಡು ಶತಮಾನ ಮೊದಲಿನ ಇಬ್ನು ಸಅದ್‌ರ 'ತಬಕಾತ್'ನ ಕೊನೆಯ ಸಂಪುಟ ಪೂರ್ತಿ ಮಹಿಳೆಯರದು. ಪ್ರವಾದಿ(ಸ)ರವರ ಮಸೀದಿ ಗುಡಿಸುತ್ತಿದ್ದ ಮಹಿಳೆಯ ಘಟನೆ ನಿಮಗೆಲ್ಲ ಗೊತ್ತು. ಕೆಲವು ದಿನ ಕಾಣದಾದಾಗ ಪ್ರವಾದಿ(ಸ) ವಿಚಾರಿಸಿದರು. ತೀರಿಕೊಂಡರು, ಸಣ್ಣ ವಿಷಯವೆಂದು ತಿಳಿಸಲಿಲ್ಲ ಎಂದರು ಅನುಚರರು. ಆಕೆಯ ಕಬರ್ ಎಲ್ಲಿದೆ ತೋರಿಸಿ ಎಂದು ಹೋಗಿ ಅಲ್ಲಿಯೇ ನಮಾಝ್ ನಿರ್ವಹಿಸಿದರು. ಬುಖಾರಿಯಲ್ಲಿ ಆಕೆಯ ಹೆಸರಿಲ್ಲ. ಬೇರೆ ವರದಿಗಳಿಂದ ಉಮ್ಮು ಮಿಹ್ಜನ್ ಎಂದು ವಿದ್ವಾಂಸರು ಹೆಕ್ಕಿ ಕೊಟ್ಟರು.

ನಮ್ಮ ಮುಬ್‌ಹಮ್ ಸಹೋದರಿಯರಿಗೆ ಹೆಸರು ಸಿಕ್ಕ ಮೇಲೆ ಪ್ರಶ್ನೆ ಹೆಸರಿನದ್ದಾಗಿ ಉಳಿಯಲಿಲ್ಲ. ಪರಿಹಾರದ ಹಣ ಮೂರು ಶಾಖೆಗಳಿಗೆ ಹಂಚಿಕೆಯಾಗುವುದಿತ್ತು.

ಫರಾಯಿಝ್ ಪ್ರಕಾರ ಲೆಕ್ಕ ಕಷ್ಟದ್ದಲ್ಲ. ಮೃತರಿಗೆ ಪತ್ನಿ, ಮೂವರು ಗಂಡು, ಇಬ್ಬರು ಹೆಣ್ಣು ಮಕ್ಕಳು. ಆಸ್ತಿಯನ್ನು 64 ಪಾಲು ಮಾಡಿದರೆ ಪತ್ನಿಗೆ ಎಂಟನೇ ಒಂದಂಶ, ಅಂದರೆ 8. ಉಳಿದ 56ರಲ್ಲಿ ಗಂಡಿಗೆ 14ರಂತೆ 42, ಹೆಣ್ಣಿಗೆ 7ರಂತೆ 14. ಮುಂದೆ ಆ ತಾಯಿಯೂ ತೀರಿಕೊಂಡಾಗ ಆಕೆಯ 8 ಪಾಲು ಅದೇ ಐವರು ಮಕ್ಕಳಿಗೆ. ಕೊನೆಗೆ ಗಂಡು ಮಕ್ಕಳಿಗೆ ತಲಾ 16, ಹೆಣ್ಣು ಮಕ್ಕಳಿಗೆ ತಲಾ 8. ಹಣ ಇಪ್ಪತ್ನಾಲ್ಕು ಲಕ್ಷವೆಂದು ಇಟ್ಟುಕೊಳ್ಳಿ. ಮೂವರಿಗೇ ಹಂಚಿದರೆ ಶಾಖೆಗೆ ಎಂಟೆಂಟು ಲಕ್ಷ. ಐವರಿಗೆ ಹಂಚಿದರೆ ಗಂಡು ಶಾಖೆಗಳಿಗೆ ಆರಾರು, ಹೆಣ್ಣು ಶಾಖೆಗಳಿಗೆ ಮೂರು ಮೂರು. ಎಂದರೆ ಪ್ರತಿಯೊಂದು ಗಂಡು ಶಾಖೆಯ ಕೈಯಲ್ಲಿರುವುದರ ನಾಲ್ಕನೇ ಒಂದು ಭಾಗ ಆ ಸಹೋದರಿಯರ ಕಡೆಗೆ ಸೇರಬೇಕಾದದ್ದು.

ಕಾನೂನಿನಂತೆ ಇದೆಲ್ಲ ಮುಗಿದ ಕತೆ ಎಂದು ನಮ್ಮ ಹಿರಿಯರೊಬ್ಬರು ಹೇಳಿದರು. ಬಿಡುಗಡೆ ಪತ್ರ ನೋಂದಣಿಯಾಗಿದೆ, ಎಪ್ಪತ್ತು ವರ್ಷ ಕಳೆದಿದೆ. ಅವರ ಮಾತು ಕೋರ್ಟಿನಲ್ಲಿ ನಿಲ್ಲಬಹುದು. 1937ರ ಶರೀಅತ್ ಕಾಯಿದೆ ಕೃಷಿ ಭೂಮಿಯನ್ನು ಹೊರಗಿಟ್ಟಿತ್ತು ಎಂದೂ ಒಬ್ಬರು ವಾದಿಸಿದರು. ಆದರೆ ಮದ್ರಾಸ್ ಸರಕಾರ 1949ರಲ್ಲಿಯೇ ತಿದ್ದುಪಡಿ ಮಾಡಿ ಕೃಷಿ ಭೂಮಿಯನ್ನೂ ಅದರೊಳಗೆ ತಂದಿತ್ತು. ಮುತ್ತಜ್ಜ ತೀರಿಕೊಂಡದ್ದು 1951ರಲ್ಲಿ. ಸಹೋದರಿಯರಿಗೆ ಹಕ್ಕು ಇತ್ತು. ಇಲ್ಲದ ಹಕ್ಕನ್ನು ಬಿಡಿಸಿಕೊಳ್ಳಲು ಯಾರೂ ಛಾಪಾ ಕಾಗದ ಖರೀದಿಸುವುದಿಲ್ಲ!

ಅವರಾಗಿಯೇ ಬಿಟ್ಟುಕೊಟ್ಟರಲ್ಲವೇ? ವಾರಸುದಾರರು ಮನಃಪೂರ್ವಕ ತಮ್ಮ ಪಾಲು ಬಿಟ್ಟುಕೊಡುವುದಕ್ಕೆ ಶರೀಅತ್ತಿನಲ್ಲಿ ಅಡ್ಡಿಯಿಲ್ಲ. ಮನಃಪೂರ್ವಕ ಎಂಬುದೇ ಇಲ್ಲಿ ಮುಖ್ಯ. ಒಬ್ಬಳಿಗೆ ಇಪ್ಪತ್ತಾರರ ಆಸುಪಾಸು, ಇನ್ನೊಬ್ಬಳಿಗೆ ಇಪ್ಪತ್ತು. ಕಚೇರಿಗೆ ಕರೆದೊಯ್ದ ದಿನ ಪೇಟೆಯಲ್ಲಿ ಇಬ್ಬರಿಗೂ ಬಳೆ ತೊಡಿಸಿ ಕರೆತಂದರು ಎಂದು ಆ ಹಿರಿಯ ಅಜ್ಜಿಗೆ ನೆನಪಿದೆ. ಕೊಡುವುದಿಲ್ಲ ಎಂದಿದ್ದರೆ ತವರಿನ ಬಾಗಿಲು? ಪೆರ್ನಾಲಿಗೆ ಕರೆಯಲು ಬರುವ ಅಣ್ಣ? ನಾಚಿಕೆಗೋ ದಾಕ್ಷಿಣ್ಯಕ್ಕೋ ಸಿಲುಕಿಸಿ ಪಡೆದದ್ದು ಹೊಡೆದು ಕಿತ್ತುಕೊಂಡದ್ದಕ್ಕೆ ಸಮ, ಒಂದು ದೇಹಕ್ಕೆ ಬೀಳುವ ಏಟು, ಇನ್ನೊಂದು ಮನಸ್ಸಿಗೆ ಬೀಳುವ ಏಟು ಎಂಬ ಅರ್ಥದಲ್ಲಿ ಇಮಾಮ್ ಗಝ್ಝಾಲಿ 'ಇಹ್ಯಾ'ದಲ್ಲಿ ವಿವರಿಸಿದ್ದಾರೆ. ಒಂಬೈನೂರು ವರ್ಷಗಳ ಹಿಂದಿನ ಮಾತು. ನಮ್ಮ ಉಪನೋಂದಣಿ ಕಚೇರಿಗಳ ಜಗಲಿಯಲ್ಲಿ ಕುಳಿತು ಬರೆದಂತಿದೆ.

ಮದುವೆಗೆ ಚಿನ್ನ ಕೊಟ್ಟಾಗಿದೆ, ಇನ್ನೇನು ಪಾಲು ಎಂಬ ಹಳೆಯ ರಾಗವೂ ಬಂತು. ನಮ್ಮ ಸಮಾಜದಲ್ಲಿ ಹೆಣ್ಣಿನ ಪಾಲನ್ನು ನುಂಗುವುದಕ್ಕೆ ಇದಕ್ಕಿಂತ ಸಲೀಸಾದ ಮಾತು ಮತ್ತೊಂದಿಲ್ಲ. ಬದುಕಿರುವ ತಂದೆ ಮಗಳಿಗೆ ಕೊಟ್ಟದ್ದು ಉಡುಗೊರೆ, ಸತ್ತ ಮೇಲೆ ಅಲ್ಲಾಹನು ನಿಶ್ಚಯಿಸಿದ್ದು ಪಾಲು. ಒಂದನ್ನು ತೋರಿಸಿ ಇನ್ನೊಂದನ್ನು ತಡೆಯುವಂತಿಲ್ಲ. ಪಾಲು ಸ್ವಲ್ಪವಿರಲಿ ಹೆಚ್ಚಿರಲಿ, ಸ್ತ್ರೀಯರಿಗೂ ಅದು ನಿಶ್ಚಿತ ಎಂದು ಅನ್ನಿಸಾ ಅಧ್ಯಾಯ ಘೋಷಿಸುತ್ತದೆ. ಹಾಗೆ ನೋಡಿದರೂ ನಮ್ಮ ಮನೆಯಲ್ಲಿ ಆ ವಾದಕ್ಕೆ ಕಾಲೇ ಇಲ್ಲ. ಹಿರಿಯ ಮಗಳ ಮದುವೆಯ ಸಾಲವನ್ನು ಯಾವ ಸಹೋದರನೂ ಹೊರಲಿಲ್ಲ. 1949ರಲ್ಲಿ ಚುಕ್ತಾ ಮಾಡಿದವನು ಗಾಡಿ ಹೊಡೆಯುತ್ತಿದ್ದ ಆ ತಂದೆಯೇ.

ಕಿರಿಯ ಸಹೋದರಿಯ ಮಗಳು ಬದುಕಿದ್ದಾರೆ. ಎಪ್ಪತ್ತು ದಾಟಿದೆ. ನಮ್ಮ ಮನೆಯಿಂದ ಎಂಟು ಮೈಲಿ ದೂರದಲ್ಲಿದ್ದರೂ ಸಂಬಂಧ ಗೊತ್ತಿರಲಿಲ್ಲ. ಬೀಡಿ ಕಟ್ಟಿಯೇ ಮೂವರು ಮಕ್ಕಳನ್ನು ಬೆಳೆಸಿದವರು, ಈಗ ಕಣ್ಣು ಮಂಜಾಗಿದೆ. ಕಿತಾಬಿನ ಹಾಳೆಯ ಫೋಟೋ ತೋರಿಸಿ ಅವರ ಉಮ್ಮನ ಹೆಸರನ್ನು ಓದಿ ಹೇಳಿದೆ. ಹುಟ್ಟಿದ್ದು ಸೋಮವಾರ ಎಂದೂ ಬರೆದಿದೆ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ತವರಿನಲ್ಲಿ ಬಾವಿಯ ಪಕ್ಕ ಒಂದು ಗೆಂದಾಳಿ ತೆಂಗಿತ್ತು ಅಂತ ಉಮ್ಮ ಹೇಳುತ್ತಿದ್ದರು, ಅದು ಇದೆಯೇ ಮೋನೇ?" ಎಂದು ಕೇಳಿದರು. ಆ ತೆಂಗು ಈಗ ಇಲ್ಲ, ಬಾವಿ ಇದೆ ಎಂದೆ. ಪಾಲಿನ ವಿಷಯ ಎತ್ತಿದಾಗ ಅವರು ತಲೆಯ ಮೇಲಿನ ವಸ್ತ್ರವನ್ನು ಸರಿಪಡಿಸಿಕೊಂಡು, ಅದನ್ನು ಮಕ್ಕಳ ಹತ್ತಿರ ಮಾತಾಡು ಎಂದರು.

ಹಿರಿಯ ಸಹೋದರಿಯ ಮೊಮ್ಮಕ್ಕಳು ಮೂರು ಊರುಗಳಲ್ಲಿದ್ದಾರೆ, ಒಬ್ಬ ಗಲ್ಫಿನಲ್ಲಿ. ಎಲ್ಲರನ್ನೂ ಪತ್ತೆ ಹಚ್ಚಲು ಎರಡು ತಿಂಗಳು ಹಿಡಿಯಿತು. ನಂತರದ ಸಾವುಗಳ ಹಂಚಿಕೆ ಬೇರೆ ಬೇರೆಯಾಗಿ ಮಾಡಬೇಕಾದ್ದರಿಂದ ನನ್ನ ಲೆಕ್ಕದ ಪುಸ್ತಕದಲ್ಲಿ ಏಳು ಪುಟ ತುಂಬಿದೆ.

ನಮ್ಮ ಶಾಖೆ ಮತ್ತು ಕಿರಿಯ ಮಗನ ಶಾಖೆ ತಮ್ಮ ನಾಲ್ಕನೇ ಒಂದಂಶವನ್ನು ಬೇರೆ ತೆಗೆದಿಟ್ಟಿದ್ದೇವೆ. ಹಿರಿಯ ಮಗನ ಶಾಖೆಯಲ್ಲಿ ನಾಲ್ವರು ಒಪ್ಪಿದ್ದಾರೆ, ಇಬ್ಬರು ಇನ್ನೂ ಯೋಚಿಸೋಣ ಎಂದಿದ್ದಾರೆ. ಅವರಲ್ಲೊಬ್ಬರು ನನ್ನೊಡನೆ ಮಾತು ಬಿಟ್ಟಿದ್ದಾರೆ, ಆದರೂ ಜುಮಾದ ದಿನ ಸಲಾಮಿಗೆ ಉತ್ತರಿಸುತ್ತಾರೆ. ವಂಶವೃಕ್ಷದ ತಿದ್ದುಪಡಿಗೆ ನಾಡಕಚೇರಿಯಲ್ಲಿ ಅರ್ಜಿ ಕೊಟ್ಟಾಗಿದೆ. 1953ರ ಪತ್ರದ ದೃಢೀಕೃತ ನಕಲನ್ನೇ ಅದಕ್ಕೆ ಆಧಾರವಾಗಿ ಲಗತ್ತಿಸಿದ್ದೇವೆ. ಹೆಣ್ಣು ಮಕ್ಕಳ ಹಕ್ಕು ಬಿಡಿಸಿಕೊಳ್ಳಲು ಬರೆಸಿದ ಆ ಕಾಗದವೊಂದೇ ಅವರು ಆತನ ಮಕ್ಕಳು ಎನ್ನುವುದಕ್ಕೆ ಕಚೇರಿ ಒಪ್ಪುವ ದಾಖಲೆ. ಅರಬಿ-ಮಲಯಾಳಂ ಹಾಳೆಯ ನಕಲನ್ನೂ ಕನ್ನಡ ಅನುವಾದದೊಂದಿಗೆ ಜೊತೆಗಿಟ್ಟೆ. ಇದು ಯಾವ ಭಾಷೆ ಎಂದು ಗುಮಾಸ್ತರು ಕೇಳಿದರು. ವಿವರಿಸಿದೆ. ಅರ್ಜಿಯಲ್ಲಿ ಅಷ್ಟು ಉದ್ದ ಬರೆಯಲು ಜಾಗವಿಲ್ಲ, 'ಇತರೆ' ಎಂದು ಬರೆಯುತ್ತೇನೆ ಎಂದರು.